ಸೂಪರ್‌ವೈಸರ್ ಸಾಹೇಬರು ವಾಕಿಟಾಕಿ ಆರಿಸಿದ್ದು

"ಗೋದಾಮಿಗೆ ಹನ್ನೆರಡು ವಾಕಿಟಾಕಿ ಬೇಕು. ಯಾವುದು ಒಳ್ಳೇದು ಅಂತ ನೋಡಿ, ಸೋಮವಾರ ನೀವೇ ಹೇಳಿ" ಎಂದು ಮಾಲೀಕರು ಅಂದದ್ದೇ ತಡ, ಸೂಪರ್‌ವೈಸರ್ ಸಾಹೇಬರ ಎದೆ ಅಂಗಿಯೊಳಗೆ ಹಿಡಿಸದಷ್ಟು ಉಬ್ಬಿತು! ಭಾನುವಾರ ಬೆಳಿಗ್ಗೆಯೇ ಎರಡು ಸ್ಯಾಂಪಲ್ ಸೆಟ್ಟು, ಒಂದು ಕೇಬಲ್ಲು ಹಿಡಿದುಕೊಂಡು ಊಟದ ಮೇಜಿಗೆ ದಂಡೆತ್ತಿ ಬಂದರು.

"ಸುಮ್ಮನೆ ಗುಂಡಿ ತಿರುಗಿಸಿದರೆ ನಡೆಯೋ ಸೆಟ್ಟು ಇಲ್ವೇನ್ರೀ?" ಎಂದರು ಹೆಂಡತಿ.

"ಅದು ಮಕ್ಕಳಾಟಿಕೆ ಕಣೇ! ಇದಕ್ಕೆ ಕಂಪ್ಯೂಟರಿಂದ ಚಾನೆಲ್ ತುಂಬಬೇಕು. ತಲೆ ಇದ್ದವರ ಕೆಲಸ!"

ತಲೆಗೆ ಎರಡು ಗಂಟೆ ಹಿಡಿಯಿತು. ಕೇಬಲ್ ಚುಚ್ಚಿದಾಗಲೆಲ್ಲ ಕಂಪ್ಯೂಟರು, ಸಾಲ ಕೇಳುವ ನೆಂಟನನ್ನು ಕಂಡ ಹಾಗೆ, ಗುರುತೇ ಇಲ್ಲ ಎಂದಿತು. ಕೊನೆಗೂ ಕರಗಿ "ಫ್ರೀಕ್ವೆನ್ಸಿ ಎಷ್ಟು?" ಎಂದು ಕೇಳಿತು. ಅಂಗಡಿಯವನು ಬರೆದುಕೊಟ್ಟ ಚೀಟಿ ಜೇಬಿನಲ್ಲೇ ಇತ್ತು. ಆದರೆ ಇನ್ನೊಬ್ಬರ ಅಂಕಿ ನಕಲು ಹೊಡೆಯುವುದೇ? ಛೇ! ತಮಗೆ ಚೆಂದ ಕಂಡ ಅಂಕಿಯನ್ನೇ ಒತ್ತಿದರು.

ಪರೀಕ್ಷೆಗೆ ಮಹಡಿ ಕಿಟಕಿಗೆ ಪರದೆ ಕಂಬಿ ಕೂರಿಸುವ ಕೆಲಸ ಸಿಕ್ಕಿತು. ಸಾಹೇಬರು ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲ್ ಹತ್ತಿ, ಎರಡೂ ಕೈಯಲ್ಲಿ ಕಂಬಿ ಎತ್ತಿ ಹಿಡಿದರು. ನೇರ ಇದೆಯೋ ಇಲ್ಲವೋ ಹೇಳಲು ಹೆಂಡತಿ ಇನ್ನೊಂದು ಸೆಟ್ಟು ಹಿಡಿದು ಕೆಳಗೆ ಅಂಗಳದಲ್ಲಿ.

"ಮಾತು ಮುಗಿದ ಮೇಲೆ ಓವರ್ ಅನ್ನಬೇಕು!" ಎಂದು ಮೇಲಿಂದ ಕೂಗಿದರು.

"ನಿಮ್ಮದೇ ಬೇಕಾದಷ್ಟು ಓವರ್ ಆಗಿದೆ! ಸ್ವಲ್ಪ ಮೇಲೆತ್ತಿ."

"ಸರಿ ಮೇಡಂ" ಎಂದಿತು ಸೆಟ್ಟು.

ಹೆಂಡತಿ ಬೆರಗಾದರು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಮೊದಲ 'ಸರಿ'! ಧ್ವನಿ ಸ್ವಲ್ಪ ಗೊಗ್ಗರು, ಯಂತ್ರದ್ದಿರಬೇಕು ಅಂದುಕೊಂಡರು.

ಯಂತ್ರದ್ದೇ ಹೌದು, ಆದರೆ ಪಕ್ಕದ ಸೈಟಿನ ಕ್ರೇನ್ ಚಾಲಕನದು! ಸಾಹೇಬರಿಗೆ ಚೆಂದ ಕಂಡ ಅಂಕಿ ಆ ಸೈಟಿನ ಫ್ರೀಕ್ವೆನ್ಸಿಯೇ ಆಗಿತ್ತು. ಅವನಿಗೆ ದಾರಿ ಹೇಳಬೇಕಿದ್ದ ಹೊಸ ಇಂಜಿನಿಯರಮ್ಮ ಚಹಾಕ್ಕೆ ಹೋಗಿದ್ದರು.

"ಎಡಕ್ಕೆ... ಇನ್ನೂ ಎಡಕ್ಕೆ..." ಎಂದರು ಹೆಂಡತಿ, ಕಂಬಿಯನ್ನೇ ನೋಡುತ್ತ.

ಕ್ರೇನಿಗೆ ನೇತುಬಿದ್ದ ಖಾಲಿ ನೀರಿನ ಟ್ಯಾಂಕೊಂದು ಕಾಂಪೌಂಡು ದಾಟಿ, ಹೆಂಡತಿಯ ಬೆನ್ನ ಹಿಂದೆ ಗಜಗಾಂಭೀರ್ಯದಿಂದ ತೇಲಿಬಂತು. ಸಾಹೇಬರಿಗೆ ಕಿಟಕಿಯಿಂದ ಕಂಡಿತು. ಸೆಟ್ಟಿನ ಗುಂಡಿ ಒತ್ತೋಣವೆಂದರೆ ಎರಡೂ ಕೈಯಲ್ಲಿ ಕಂಬಿ!

"ಅಯ್ಯೋ! ನಿಲ್ಸೇ! ಹಿಂದೆ ನೋಡೇ!"

"ಕೂಗಬೇಡಿ, ಸೆಟ್ಟಲ್ಲಿ ಮಾತಾಡಿ! ಹಾಂ, ಈಗ ಸರಿಯಾಯ್ತು. ಮೆಲ್ಲಗೆ ಇಳಿಸಿ."

ಟ್ಯಾಂಕು ಮೆಲ್ಲಗೆ ಇಳಿದು, ಸಾಹೇಬರ ಸ್ಕೂಟರಿನ ಮೇಲೆ ಕಾವಿಗೆ ಕೂತ ಕೋಳಿಯ ಹಾಗೆ ಕೂತಿತು. ಸ್ಕೂಟರು 'ಕುಯ್' ಎಂದಿತು. ಹೆಂಡತಿ ತಿರುಗಿ ನೋಡಿ ಸೆಟ್ಟು ಹಿಡಿದಲ್ಲೇ ಕಲ್ಲಾದರು.

ಸಾಹೇಬರು ಕಂಬಿ ಬಿಸಾಕಿ ಗುಂಡಿ ಒತ್ತಿದರು. "ಹಲೋ! ಟ್ಯಾಂಕು ಎತ್ತಯ್ಯಾ! ನಾನು ಸೂಪರ್‌ವೈಸರ್ ಹೇಳ್ತಿದ್ದೀನಿ! ಈ ಚಾನೆಲ್ ತುಂಬಿದವನೇ ನಾನು!"

ಒಂದು ಕ್ಷಣ ಕರಕರ ಸದ್ದು. ಆಮೇಲೆ ಗೊಗ್ಗರು ಧ್ವನಿ ಗದರಿತು:

"ಯಾರ್ರೀ ಅದು, ಮಧ್ಯೆ ಬಾಯಿ ಹಾಕೋದು? ಮೇಡಂ ಮಾತಾಡ್ತಿದ್ದಾರೆ, ಸುಮ್ಮನಿರಿ!"