ಮಾಮಾ ಇಲ್ಲದ ಮನೆಯ ತಾಲೀಮು

ನಮ್ಮ ಸೋದರಮಾವ ಬದುಕಿರುವಾಗಲೇ ಸತ್ತವರ ಹಾಗೆ ಇರಲು ತಾಲೀಮು ಮಾಡಿದ ಮನುಷ್ಯ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಕಣ್ಣಾರೆ ಕಂಡ ನನಗೇ ಎಷ್ಟೋ ಸಲ ನಂಬಿಕೆ ಬಂದಿಲ್ಲ. ತೊಂಬತ್ತರ ದಶಕದ ನಡುವೆ ಅವರು ಬೈಲಹೊಂಗಲ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೆಲಸದಿಂದ ನಿವೃತ್ತರಾದರು. ಅವರ ಜೊತೆಯವರಲ್ಲಿ ಕೆಲವರು ಹೊಲದ ಬೆನ್ನು ಹತ್ತಿದರು, ಕೆಲವರು ಇಸ್ಪೀಟಿನ ಬೆನ್ನು ಹತ್ತಿದರು. ನಮ್ಮ ಮಾಮಾ ತಮ್ಮ ಹೆಂಡತಿಯ, ಅಂದರೆ ನಮ್ಮ ಅತ್ತೆಯ ಬೆನ್ನು ಹತ್ತಿದರು.

ಅದಕ್ಕೆ ಕಾರಣವಿತ್ತು. ಮಾಮಾ ಚಿಕ್ಕವರಿದ್ದಾಗಲೇ ಅವರ ತಂದೆ ಹೋಗಿಬಿಟ್ಟಿದ್ದರು. ತಾಯಿಗೆ ಒಬ್ಬಳೇ ಬಸ್ ಹತ್ತಲು ಬರುತ್ತಿರಲಿಲ್ಲ, ಒಬ್ಬಳೇ ಸಂತೆಗೆ ಹೋಗಲು ಬರುತ್ತಿರಲಿಲ್ಲ. ತವರಿಗೆ ಹೋಗಬೇಕಾದರೂ ಮೈದುನರ ಬಾಗಿಲಲ್ಲಿ ನಿಂತು, ಯಾರಾದರೂ ಬಿಟ್ಟು ಬನ್ನಿರೆಂದು ಬೇಡಬೇಕಿತ್ತು. ಅದನ್ನು ನೋಡುತ್ತ ಬೆಳೆದವರು ಮಾಮಾ. ಅವರಿಗೂ ಅತ್ತೆಗೂ ಮಕ್ಕಳಿಲ್ಲ. ಅತ್ತೆಯಂತೂ ವಯಸ್ಸಿನಲ್ಲಿ ಅವರಿಗಿಂತ ಬಹಳ ಸಣ್ಣವಳು. ಇನ್ನು ಲೆಕ್ಕ ಸ್ಪಷ್ಟವಾಯಿತಲ್ಲ! ಮೊದಲು ಹೊರಡುವ ಗಾಡಿ ತಮ್ಮದೇ ಎಂದು ಮಾಮಾ ತೀರ್ಮಾನಿಸಿದರು. ಮೂವತ್ತು ವರ್ಷ ಸ್ಟ್ಯಾಂಡಿನಿಂದ ಹೊತ್ತು ನೋಡಿ ಗಾಡಿ ಬಿಟ್ಟವರ ಹತ್ತಿರ ವಾದ ಮಾಡುವವರು ಯಾರು?

"ನಾ ಹೋದ ಮ್ಯಾಲ ಇಕಿ ಯಾರ ಬಾಗಲದಾಗೂ ನಿಂದರಬಾರದು" ಎನ್ನುವುದೊಂದೇ ಅವರ ಚಿಂತೆ.

ಹೀಗಾಗಿ ದಿನವೂ ಊಟದ ಹೊತ್ತಿನವರೆಗೆ ಮಾಮಾ ಪಡಸಾಲೆಯ ಮಂಚದ ಮೇಲೆ 'ಇಲ್ಲದೆ' ಕೂಡತೊಡಗಿದರು. ಅತ್ತೆ ಕೀಲಿಕೈ ಎಲ್ಲಿ ಎಂದು ಕೇಳಿದರೆ "ನಾ ಇಲ್ಲ." ಕರೆಂಟ್ ಬಿಲ್ಲು ಎಲ್ಲಿ ಕಟ್ಟಬೇಕೆಂದು ಕೇಳಿದರೆ "ನಾ ಇಲ್ಲ." ಒಂದು ದಿನ ಪಕ್ಕದ ಓಣಿಯ ಹಿರಿಯರೊಬ್ಬರು ಬಂದು ಮಾಮಾ ಇದ್ದಾರೇನೆಂದು ಕೇಳಿದರು. ಮಂಚದ ಮೇಲೆ ಪೇಪರ್ ಓದುತ್ತಿದ್ದ ಗಂಡನನ್ನು ಬೆನ್ನಿಗಿಟ್ಟುಕೊಂಡು ಅತ್ತೆ ಬಾಗಿಲಲ್ಲಿ ನಿಂತು, ಅವರಿಲ್ಲ ಎಂದಳು. ಹಿರಿಯರು ಆ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು.

ಸುಡುಸುಡು ಬೇಸಿಗೆಯಲ್ಲಿ ಫ್ಯೂಸ್ ಹೋಯಿತು. ಫ್ಯಾನ್ ನಿಂತಿತು. ಮಾಮಾ ಬೆವರಿನಲ್ಲಿ ತೊಯ್ದು ತೊಪ್ಪೆಯಾದರೂ ಮಂಚ ಬಿಟ್ಟು ಏಳಲಿಲ್ಲ. ಕೊನೆಗೆ ಅತ್ತೆ ಸ್ಟೂಲು ಹತ್ತಿ, ಅವರು ಹಿಂದಿನ ವಾರ ತೋರಿಸಿದ ಹಾಗೆಯೇ ತಂತಿ ಸುತ್ತಿ, ಫ್ಯೂಸ್ ಹಾಕಿದಳು. ಫ್ಯಾನ್ ತಿರುಗಿದ್ದೇ ತಡ, ಮಾಮಾ ಶಾಭಾಷ್ ಎಂದುಬಿಟ್ಟರು. ಅತ್ತೆ ಸ್ಟೂಲಿನ ಮೇಲಿಂದಲೇ ಅಂದಳು: "ಇಲ್ಲದವ್ರು ಮಾತಾಡಬಾರದ್ರಿ."

ಆಮೇಲೆ ಬಸ್ಸಿನ ಪಾಠ. ಅರ್ಧ ತಾಲೂಕಿಗೆ ಬಸ್ ಹತ್ತಿಸಿದವರ ಹೆಂಡತಿ ಒಂದು ಸಲವೂ ಒಬ್ಬಳೇ ಬಸ್ಸಿನಲ್ಲಿ ಕೂತವಳಲ್ಲ! ಮೊದಲು ಕಿತ್ತೂರು, ಆಮೇಲೆ ಸವದತ್ತಿ, ಕೊನೆಗೆ ದೊಡ್ಡ ಪರೀಕ್ಷೆ ರಾಮದುರ್ಗ. ಒಬ್ಬಳೇ ಹೋಗೆಂದು ಕಳಿಸಿದ ಮಾಮಾ, ತಲೆಗೆ ಟವೆಲ್ ಸುತ್ತಿಕೊಂಡು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರು. ಕಂಡಕ್ಟರ್ ಗುರುತು ಹಿಡಿದು ಬಸ್ಸಿಗೆಲ್ಲ ಕೇಳುವ ಹಾಗೆ ನಮಸ್ಕಾರ ಹೊಡೆದ. ಅತ್ತೆ ತಿರುಗಿ ನೋಡಲಿಲ್ಲ. ಯರಗಟ್ಟಿಯಲ್ಲಿ ಮಾಮಾ ಒಂದಕ್ಕೆಂದು ಇಳಿದರು, ಬಸ್ ಹೋಗಿಬಿಟ್ಟಿತು. ಜನ್ಮವೆಲ್ಲ ಊರವರಿಗೆ ಬಸ್ಸಿನ ಹೊತ್ತು ಹೇಳಿದವರು ತಾವೇ ಬಸ್ ತಪ್ಪಿಸಿಕೊಂಡರು! ಅತ್ತೆಯ ಹಿಂದೆ ಹೋಗಲೋ, ಮನೆಗೆ ತಿರುಗಲೋ ಎಂದು ಅಲ್ಲಿಯೇ ಕೂತುಬಿಟ್ಟರು. ಅತ್ತೆ ರಾಮದುರ್ಗದ ಅಕ್ಕನ ಮನೆಯಲ್ಲಿ ಊಟ ಮಾಡಿ ಸಂಜೆ ತಿರುಗಿ ಬರುವಾಗ, ಯರಗಟ್ಟಿಯಲ್ಲಿ ಕಿಟಕಿಯಿಂದ ಕೈ ಬೀಸಿ ಕರೆದಳಂತೆ: "ಹತ್ರಿ, ಸೀಟ ಹಿಡದೇನಿ."

ಇದಾದ ಮೇಲೆ ಅತ್ತೆ ಹುಣ್ಣಿಮೆಗೊಮ್ಮೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಒಬ್ಬಳೇ ಹೋಗಿಬರತೊಡಗಿದಳು. ಇನ್ನು ತಾವು ಆರಾಮಾಗಿ ಹೋಗಬಹುದು ಎಂದು ಮಾಮಾ ಕಂಡಕಂಡವರ ಮುಂದೆ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಜೀವ ಬೇಸರವಾಗುತ್ತಿತ್ತು. ಹುಡುಗರಿಗೆ ಸಾಲಿ ಇದೆ, ಹರೆಯದವರಿಗೆ ಕಾಲೇಜು ಇದೆ. ಮುಪ್ಪಿಗೆ ಏನಿದೆ ಹೇಳಿ? ಒಂದು ಕಟ್ಟೆ ಇದೆ. ಅದರ ಮೇಲೆ ಕೂತು, ಯಾರು ಮೊದಲು ಹೋಗುತ್ತಾರೆಂದು ನೋಡುತ್ತಿರಬೇಕು.

ಮೊದಲು ಹೋದದ್ದು ಅತ್ತೆ. ಒಂದು ಮುಂಜಾನೆ ಅಂಗಳ ಗುಡಿಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಮತ್ತೆ ಏಳಲಿಲ್ಲ.

ಮಣ್ಣಿಗೆ ಬಂದ ಬೀಗರೆಲ್ಲ ತಿರುಗಿ ಹೋದ ಮೇಲೆ, ಒಂದು ದಿನ ನಾನು ರೊಟ್ಟಿ ಕಟ್ಟಿಕೊಂಡು ಮಾಮಾನ ಮನೆಗೆ ಹೋದೆ. ಅವರು ಅಡುಗೆಮನೆಯಲ್ಲಿ ಇದ್ದ ಡಬ್ಬಿಗಳನ್ನೆಲ್ಲ ತೆರೆದಿಟ್ಟುಕೊಂಡು ನಿಂತಿದ್ದರು. ಕೈಯಲ್ಲಿದ್ದ ಪಾತ್ರೆಯ ತಳದಲ್ಲಿ ಒಂದು ಹಿಡಿ ಸಾಸಿವೆ ಇತ್ತು. ಚಹಾಪುಡಿ ಎಂದು ಹಾಕಿದ್ದರು! ನನಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಅತ್ತೆ ಒಬ್ಬಳೇ ಉಳಿದರೆ ಹೇಗೆಂದು ಅಷ್ಟು ವರ್ಷ ತಲೆ ಕೆಡಿಸಿಕೊಂಡ ಮನುಷ್ಯ, ತಾವೊಬ್ಬರೇ ಉಳಿದರೆ ಹೇಗೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಮಾಮಾ ನನ್ನ ಮುಖ ನೋಡಲಿಲ್ಲ. "ಆಕಿ ಗುಡ್ಡಕ್ಕ ಹೋಗಿ ಏನ್ ಬೇಡ್ಕೋತಿದ್ಲು? ನಿನಗೇನರೆ ಹೇಳಿದ್ಲೇನವಾ?" ಎಂದರು.

ಹೇಳಿದ್ದಳು. ಮಾಮಾ ಧೈರ್ಯ ಬರಲೆಂದು ಕಳಿಸುತ್ತಿದ್ದರೆ, ಅವಳು ಅಲ್ಲಿ ಹೋಗಿ, ಇವರಿಗಿಂತ ಮುಂಚೆ ಮುತ್ತೈದೆಯಾಗಿಯೇ ನನ್ನನ್ನು ಕರೆದುಕೋ ತಾಯಿ ಎಂದು ಸೆರಗೊಡ್ಡಿ ಬೇಡುತ್ತಿದ್ದಳು. ಅದನ್ನು ಮಾಮಾನಿಗೆ ಯಾವ ಬಾಯಿಂದ ಹೇಳಲಿ? ಅರ್ಧ ಹೇಳಿದೆ.

"ನಿಮಗ ಆಯುಷ್ಯ ಕೊಡು ಅಂತ ಬೇಡ್ಕೋತಿದ್ಲರಿ."

ಮಾಮಾ ಪಾತ್ರೆಯೊಳಗಿನ ಸಾಸಿವೆಯನ್ನು ಒಮ್ಮೆ ಅಲ್ಲಾಡಿಸಿದರು. "ಕೊಟ್ಟಾಳ ನೋಡವಾ ಎಲ್ಲಮ್ಮ ತಾಯಿ. ಇದನ್ನ ತೊಗೊಂಡು ನಾ ಏನ್ ಮಾಡ್ಲಿ?"

ನಾನು ಅವರ ಕೈಯಿಂದ ಪಾತ್ರೆ ಇಸಿದುಕೊಂಡು ತೊಳೆದೆ. "ಇಲ್ಲೆ ಬರ್ರಿ ಮಾಮಾ, ನನ್ನ ಬಾಜೂಕ ನಿಂದರ್ರಿ. ಮೊದಲ ನೀರು ಇಡೂನು" ಎಂದೆ.

ಮಾಮಾ ಕಣ್ಣು ಒರೆಸಿಕೊಂಡು, ಕನ್ನಡಕ ಏರಿಸಿಕೊಂಡು, ಒಲೆಯ ಹತ್ತಿರ ಬಂದು ನಿಂತರು.