ಅಲುಗಿದರೆ ಹೊಡೆಯುವ ಗಂಟೆ

ನನ್ನ ಸೋದರ ಮಾವನ ಮನೆಯಲ್ಲಿ ಗುಟ್ಟಾಗಿ ಮೈ ತುರಿಸಿಕೊಳ್ಳುವ ಸ್ವಾತಂತ್ರ್ಯ ದನಕ್ಕೂ ಇರಲಿಲ್ಲ! ಹಟ್ಟಿಯಲ್ಲಿ ದನ ಎದ್ದು ನಿಂತರೆ ಗಂಟೆ, ಹೇಂಟೆ ಬುಟ್ಟಿಯಿಂದ ಇಳಿದರೆ ಗಂಟೆ, ನಾಯಿ ಮೈ ಕೊಡವಿದರೆ ಗಂಟೆ. ದೇವಸ್ಥಾನದಲ್ಲಾದರೂ ಹೊತ್ತುಗೊತ್ತು ನೋಡಿ ಹೊಡೆಯುತ್ತಾರೆ, ಮಾವನಲ್ಲಿ ಅದೂ ಇರಲಿಲ್ಲ. ಅವರ ಊರು ಅಜ್ಜಾವರದ ಜನ ಅವರನ್ನು ಪಿರ್ಕಿ, ಅರೆಹುಚ್ಚ ಎಂದು ಕರೆದರೆ ಅದು ಜನರ ತಪ್ಪೇ, ನೀವೇ ಹೇಳಿ?

ಎಪ್ಪತ್ತರ ದಶಕದ ಕೊನೆಯ ಮಾತು. ಮಾವನಿಗೆ ಸುಳ್ಯ ಪೇಟೆಯಲ್ಲಿ ರೇಡಿಯೋ ರಿಪೇರಿಯ ಅಂಗಡಿ. ಅಂಗಡಿಯಲ್ಲಿ ಮುಗಿಯದ್ದನ್ನು ಮನೆಗೆ ತಂದು, ಚಾವಡಿಯ ಪಕ್ಕದ ಕೋಣೆಯಲ್ಲಿ ಹರವಿಕೊಂಡು ಕುಳಿತುಬಿಡುವರು. ನಾನು ಆಗಷ್ಟೇ ಟೀಚರ್ ಆಗಿ ಸುಳ್ಯಕ್ಕೆ ಬಂದವಳು, ಅವರ ಮನೆಯಲ್ಲೇ ಉಳಿದಿದ್ದೆ. ಹಾಗಾಗಿ ಎಲ್ಲ ಗಂಟೆಗಳನ್ನೂ ಈ ಕಿವಿಯಿಂದಲೇ ಕೇಳಿದ್ದೇನೆ.

ಆದರೆ ಈ ಹುಚ್ಚಿನ ಕಾರಣ ನಗುವಂಥದ್ದಲ್ಲ. ಮಾವನಿಗೆ ಒಬ್ಬಳೇ ಮಗಳು, ಸುಮ. ಎರಡನೇ ಕ್ಲಾಸು. ಬಾಯಿ ತೆರೆದರೆ ಮುಚ್ಚದ ಹುಡುಗಿ. ಅವಳಿಗೆ ಫಿಟ್ಸ್ ಇತ್ತು, ಹೆಚ್ಚಾಗಿ ನಿದ್ದೆಯಲ್ಲಿ. ಪುತ್ತೂರಿನ ಡಾಕ್ಟರರು ಮಾತ್ರೆ ಕೊಟ್ಟು, "ಬಂದಾಗ ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಒಬ್ಬಳನ್ನೇ ಬಿಡ್ಬೇಡಿ" ಎಂದಿದ್ದರು. ಬಿಡಬೇಡಿ ಎಂದರೆ? ಮನುಷ್ಯರಿಗೆ ನಿದ್ದೆ ಬೇಡವೇ? ಮಗಳ ಮಂಚದ ಪಕ್ಕ ಕುಳಿತು ಕುಳಿತು ಅತ್ತೆಯ ಕಣ್ಣು ಗುಳಿ ಬಿದ್ದಿತ್ತು. ಮಗು ನಡುಗಿದರೆ ತಾನಾಗಿ ಹೊಡೆಯುವ ಗಂಟೆಯೊಂದನ್ನು ಮಾಡದೆ ಬಿಡುವುದಿಲ್ಲ ಎಂದು ಮಾವ ಹಟ ತೊಟ್ಟರು.

ಒಂದು ಸ್ಪ್ರಿಂಗು, ಒಂದು ತಗಡು, ಟಾರ್ಚಿನ ಸೆಲ್ಲು, ಒಂದು ಕರೆಗಂಟೆ. ಗಂಟೆ ಮಾವನ ಕೋಣೆಯಲ್ಲಿ, ವಯರಿನ ಇನ್ನೊಂದು ತುದಿ ಚಾವಡಿಯಲ್ಲಿದ್ದ ಸುಮನ ಮಂಚಕ್ಕೆ. ಸುಲಭ ಅಲ್ಲವೇ? ಅಲ್ಲ! ಮಗು ಮಗ್ಗುಲು ಬದಲಿಸಿದರೂ ಹೊಡೆಯಿತು, ಸೀನಿದರೂ ಹೊಡೆಯಿತು. ಸುಮ್ಮನೆ ಅಲುಗುವುದು ಬೇರೆ, ಬಿಡದೆ ನಡುಗುವುದು ಬೇರೆ. ಅದು ಗಂಟೆಗೆ ತಿಳಿಯಬೇಕು. ತಿಳಿಸುವುದು ಹೇಗೆ? ಹಾಗಾಗಿಯೇ ದನ, ಹೇಂಟೆ, ನಾಯಿಗಳ ಮೇಲೆ ಮಾವನ ಕಣ್ಣು ಬಿದ್ದದ್ದು. ಅವುಗಳಿಗೂ ವಯರು ಕಟ್ಟಿ, ಯಾವ ಪ್ರಾಣಿ ಹೇಗೆ ಅಲುಗಿದರೆ ಗಂಟೆ ಎಷ್ಟು ಹೊತ್ತು ಬಡಿದುಕೊಳ್ಳುತ್ತದೆ ಎಂದು ಕೋಣೆಯಲ್ಲಿ ಕಿವಿಗೊಟ್ಟು ಕೂರುವುದು, ಮತ್ತೆ ಹಟ್ಟಿಗೆ ಓಡಿ ನೋಡುವುದು.

"ನೊಣ ಓಡಿಸಿದ್ದು!" ಎಂದು ಹಟ್ಟಿಯಿಂದ ಕೂಗುವರು.

"ನೊಣ ಓಡಿಸುದನ್ನೂ ನಂಗೆ ಹೇಳ್ಬೇಕಾ? ನಿಮ್ಮ ಮಂಡೆ ಸಮ ಉಂಟಾ ಮಾರಾಯ್ರೆ?" ಎಂದು ಅತ್ತೆ ಅಡುಗೆಮನೆಯಿಂದ.

ಹೇಂಟೆಯಂತೂ ಗಂಟೆಗೆ ಹೆದರಿ ಮೊಟ್ಟೆ ಇಡುವುದನ್ನೇ ಬಿಟ್ಟಿತು. ಪಕ್ಕದ ಮನೆಯ ಮಾಡಿನ ಮೇಲೆ ಹೋಗಿ ಕುಳಿತಿತು, ಪಾಪ.

ಕೊನೆಗೆ ಮಾವ ಹಳೆಯ ರೇಡಿಯೋದ ಒಂದು ಕಂಡೆನ್ಸರನ್ನು ನಡುವೆ ಸೇರಿಸಿದರು. ನಡುಕ ಒಂದಿಷ್ಟು ಹೊತ್ತು ಬಿಡದೆ ನಡೆದರೆ ಮಾತ್ರ ಗಂಟೆ ಹೊಡೆಯಬೇಕು. ಮಂಚಕ್ಕೆ ಅದನ್ನು ಜೋಡಿಸಿದ ಮರುದಿನವೇ ಕಡಬದ ಕಡೆಯಿಂದ ನನ್ನನ್ನು ನೋಡಲು ಹುಡುಗನ ಮನೆಯವರು ಬಂದರು! ಚಾವಡಿಯಲ್ಲಿ ಕುರ್ಚಿ ಸಾಲಲಿಲ್ಲ, ಹುಡುಗನನ್ನು ಸುಮನ ಮಂಚದ ಮೇಲೆ ಕೂರಿಸಿದರು. ಹುಡುಗನಿಗೋ ಪುಕುಪುಕು. ಕುಳಿತಲ್ಲೇ ಮೊಣಕಾಲು ಅಲುಗಿಸತೊಡಗಿದ. ನಾನು ಕಾಫಿ ಹಿಡಿದು ಹೊಸ್ತಿಲು ದಾಟಿದ್ದೆನಷ್ಟೆ, ಟಿರ್‍ರ್‍ರ್!

ಕೋಣೆಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದ ಮಾವ ಒಂದೇ ತೋಳು ತೂರಿಸಿಕೊಂಡು ಓಡಿ ಬಂದವರು, "ಮಗ್ಗುಲಿಗೆ! ಮಗ್ಗುಲಿಗೆ ತಿರುಗಿಸಿ!" ಎನ್ನುತ್ತಾ ಆ ಹುಡುಗನ ಹೆಗಲು ಹಿಡಿದು ಮಲಗಿಸಿಯೇ ಬಿಟ್ಟರು.

"ನಮ್ಮ ಹುಡುಗನಿಗೆ ಎಂತ ಕಾಯಿಲೆಯೂ ಇಲ್ಲ ಮಾರಾಯ್ರೆ!" ಹುಡುಗನ ತಂದೆ ಎದ್ದು ನಿಂತರು.

"ಇಲ್ಲದಿದ್ರೆ ಒಳ್ಳೇದೇ ಆಯ್ತು. ಆದ್ರೆ ಗಂಟೆ ಹೊಡೀತಲ್ಲ! ನೀವೇ ಕೇಳಿದ್ರಲ್ಲ!" ಮಾವನ ಮುಖ ಅರಳಿತ್ತು.

ಆ ಸಂಬಂಧ ಅಲ್ಲಿಗೇ ಮುಗಿಯಿತು. ನನಗೇನೂ ಬೇಸರವಾಗಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನು ಆ ಮನೆಗೆ ಬಂದ ಮೇಲೆ ಅವರು ಅಷ್ಟು ನಕ್ಕದ್ದು ನೋಡಿರಲಿಲ್ಲ.

ಗಂಟೆ ನಿಜಕ್ಕೂ ಕೆಲಸ ಮಾಡಿತು. ಸುಮನಿಗೆ ಫಿಟ್ಸ್ ಬಂದಾಗೆಲ್ಲ ಹೊಡೆಯಿತು, ಮಾವ, ಅತ್ತೆ ಇಬ್ಬರೂ ಓಡಿ ಹೋಗಿ ಅವಳನ್ನು ಹಿಡಿದರು. ಅತ್ತೆ ನಿದ್ದೆ ಮಾಡಲು ಕಲಿತರು. ಸುಮ ಮಾತ್ರ ಬಹಳ ಬೇಗ ವಿದ್ಯೆ ಕಂಡುಕೊಂಡಳು. ಮಂಚವನ್ನು ಕೈಯಿಂದ ಗಡಗಡ ಅಲುಗಿಸುವುದು, ಮಾವ ಹೆದರಿ ಓಡಿ ಬಂದರೆ, "ಅಪ್ಪ, ಬೆಲ್ಲ ಉಂಟಾ?"

"ಹೀಗೆ ಮಾಡ್ಬಾರ್ದು ಮಗಾ, ಅಪ್ಪನ ಜೀವ ಹೋಗ್ತದೆ" ಎನ್ನುವರು. ಬೆಲ್ಲ ಕೊಡುವರು.

ಇಷ್ಟಕ್ಕೇ ಕಥೆ ನಿಲ್ಲಿಸಬಹುದಿತ್ತು. ನಿಲ್ಲಿಸಲು ನನಗೂ ಆಸೆ. ಏನು ಮಾಡಲಿ?

ಒಂದು ರಜೆಯ ದಿನ ಅತ್ತೆ ಬಟ್ಟೆ ಒಗೆಯಲು ತೋಡಿಗೆ ಹೋದರು. ಸುಮನೂ ಜೊತೆಗೆ ಹೋದಳು. ಮೊಣಕಾಲುದ್ದದ ನೀರು. ಅತ್ತೆ ಸೀರೆಯನ್ನು ಬಂಡೆಯ ಮೇಲೆ ಹರವಲು ಬೆನ್ನು ತಿರುಗಿಸಿದರು, ಅಷ್ಟೆ. ಸೀರೆಯ ಮಡಿಕೆ ಬಿಡಿಸಿ ತಿರುಗುವಾಗ ಮಗು ನೀರಿನಲ್ಲಿ ಮುಖ ಅಡಿಯಾಗಿ ಬಿದ್ದಿತ್ತು. ಹೆಚ್ಚಾಗಿ ನಿದ್ದೆಯಲ್ಲೇ ಬರುತ್ತಿದ್ದ ಫಿಟ್ಸ್ ಆ ದಿನ ಎಚ್ಚರದಲ್ಲಿ ಬಂತು. ತೋಡಿಗೆ ಯಾವ ವಯರು ಎಳೆಯುವುದು?

ಅತ್ತೆ ಅಳಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನವೂ ಅಳಲಿಲ್ಲ. ಬಂದ ಹೆಂಗಸರು, "ಒಂದು ಹನಿ ಕಣ್ಣೀರಿಲ್ಲ ನೋಡು" ಎಂದು ಪಿಸುಗುಟ್ಟಿದರು. ಅವರ ಬಾಯಿಗೆ ಮಣ್ಣು ಹಾಕಬೇಕು ಅನಿಸಿತು ನನಗೆ. ಅತ್ತೆ ಹಾಲು ಕರೆದರು, ಗಂಜಿ ಬಸಿದರು, ಬಡಿಸಿದರು. ಮಾತು ಮಾತ್ರ ನಿಂತಿತ್ತು. ಮಾವನ ಮುಖವನ್ನೇ ನೋಡುತ್ತಿರಲಿಲ್ಲ. ಮಾವ ದನ, ನಾಯಿಗಳ ವಯರನ್ನೆಲ್ಲ ಕಿತ್ತು ಮೂಲೆಗೆ ಬಿಸಾಡಿದರು. ಮಂಚದ ಹತ್ತಿರ ಹೋಗಲು ಮಾತ್ರ ಅವರಿಂದಾಗಲಿಲ್ಲ.

"ಇವಳು ಒಮ್ಮೆ ಅತ್ತಿದ್ರೆ ಸಾಕಿತ್ತು. ಹೀಗೇ ಇದ್ರೆ ಇವಳನ್ನೂ ಕಳ್ಕೊಳ್ತೇನೆ ನಾನು" ಎಂದು ಒಂದು ದಿನ ನನ್ನೊಡನೆ ಹೇಳಿದರು.

ಒಂದು ಭಾನುವಾರ ಮಧ್ಯಾಹ್ನ. ಮಾವ ಕೋಣೆಯಲ್ಲಿ ಯಾರದೋ ರೇಡಿಯೋ ಬಿಚ್ಚಿಕೊಂಡು ಕುಳಿತಿದ್ದರು. ನಾನು ಅಲ್ಲೇ ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಇದ್ದಕ್ಕಿದ್ದಂತೆ ಗಂಟೆ ಹೊಡೆಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾವ ಎದ್ದು ಚಾವಡಿಗೆ ಹೋದರು, ನಾನು ಹಿಂದೆಯೇ ಹೋದೆ.

ಅತ್ತೆ ಸುಮನ ಮಂಚದಲ್ಲಿ ಕವುಚಿ ಮಲಗಿದ್ದರು. ದಿಂಬಿಗೆ ಮುಖ ಒತ್ತಿಕೊಂಡಿದ್ದರು. ಒಂದು ಚೂರು ಸ್ವರವಿಲ್ಲ. ಮೈ ಮಾತ್ರ ಬಿಡದೆ ನಡುಗುತ್ತಿತ್ತು.

ಮಾವ ಮಂಚದ ಅಂಚಿನಲ್ಲಿ ಕುಳಿತರು. ಅತ್ತೆ ತಲೆ ಎತ್ತದೆ, "ನೀವು ಎಂತಕ್ಕೆ ಬಂದದ್ದು? ನಾನು ಬೆನ್ನು ತಿರುಗಿಸಿದವಳು. ನನ್ನಷ್ಟಕ್ಕೆ ಬಿಡಿ" ಎಂದರು.

"ಒಬ್ಬಳೇ ಅಳುದು ಬೇಡ ಮಾರಾಯ್ತಿ" ಎಂದರು ಮಾವ. "ನಂಗೂ ಅಳ್ಲಿಕ್ಕೆ ಉಂಟು."

ಅತ್ತೆ ಅವರ ಕೈ ಹಿಡಿದುಕೊಂಡು ದೊಡ್ಡ ಸ್ವರ ತೆಗೆದು ಅತ್ತರು. ಮಾವನೂ ಅತ್ತರು. ಮಂಚ ನಡುಗುತ್ತಲೇ ಇತ್ತು, ಗಂಟೆ ಹೊಡೆಯುತ್ತಲೇ ಇತ್ತು. ನಾನು ಕೋಣೆಗೆ ಹೋಗಿ, ಅವರಿಬ್ಬರೂ ನಿಧಾನಕ್ಕೆ ಅಳಲಿ ಎಂದು, ಗಂಟೆಯ ವಯರು ಕಿತ್ತೆ.