ಮೂವತ್ತು ಕಾಯಿ ಸುಲಿಯುವಷ್ಟು ಹೊತ್ತು

ಆಗ ನನಗೆ ಅರವತ್ತೆರಡು. ಈಗ್ಗೆ ಎಂಟು ವರ್ಷದ ಮಾತು. ನಮ್ಮ ನಾದಿನಿಗೆ ಜನರ ಮುಖ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತದೆ ಎಂದು ನಾನು ಎಲ್ಲರೆದುರು ಆಡಿಕೊಳ್ಳುತ್ತಿದ್ದ ಕಾಲ. ಸುಳ್ಳೇನಲ್ಲ. ಹಳೇಬೀಡಿಗೆ ಬಂದವರು ಕತ್ತೆತ್ತಿ ಗುಡಿಯ ಗೊಂಬೆ ನೋಡಿದರೆ, ಎದುರಿಗೆ ತೆಂಗಿನಕಾಯಿ ಮಾರುವ ಇವಳು ಕತ್ತು ತಗ್ಗಿಸಿ ಅವರ ಹಿಮ್ಮಡಿ ನೋಡುತ್ತಾಳೆ. ನಾಯಿ ಕಚ್ಚಿದ್ದೋ ಕೋತಿ ಪರಚಿದ್ದೋ ಗಾಯ ಕಂಡರೆ ಮುಗಿಯಿತು. ರಟ್ಟೆ ಹಿಡಿದು ನಲ್ಲಿಯ ಕೆಳಗೆ ಕೂರಿಸಿ ಕೈಗೆ ಸೋಪು ಕೊಡುತ್ತಾಳೆ.

ಹದಿನೈದು ನಿಮಿಷ ತೊಳೆಯಬೇಕಂತೆ. ಇವಳಿಗೆ ಗಡಿಯಾರ ನೋಡಲು ಬರುವುದಿಲ್ಲ. ನನಗೂ ಅಷ್ಟಕ್ಕಷ್ಟೆ. ಆದರೆ ಇವಳು ನಿಮಿಷಕ್ಕೆ ಎರಡು ಕಾಯಿ ಸುಲಿಯುತ್ತಾಳೆಂದು ಆಸ್ಪತ್ರೆಯ ನರ್ಸಮ್ಮ ಲೆಕ್ಕ ಹಾಕಿಕೊಟ್ಟಿದ್ದಾರೆ. ಮೂವತ್ತು ಕಾಯಿ ಮುಗಿಯುವವರೆಗೆ ಯಾರೂ ಏಳುವಂತಿಲ್ಲ.

“ಬೇಲೂರು ಬಸ್ಸು ಹೋಗ್ಬಿಡ್ತದಮ್ಮ,” ಎಂದು ಒಬ್ಬ ಗೋಗರೆದ.

“ಬಸ್ಸು ಹೋದ್ರೆ ಇನ್ನೊಂದು ಬತ್ತದೆ ಕಣಪ್ಪ. ನೀನು ಹೋದ್ರೆ? ಉಜ್ಜು. ಇನ್ನೂ ಹನ್ನೆರಡು ಕಾಯಿ ಐತೆ.”

ಕ್ಯಾಮೆರಾ ಹೊತ್ತ ಪರದೇಶದವನೊಬ್ಬನನ್ನೂ ಬಿಡಲಿಲ್ಲ. ತಾನೇ ಆಸ್ಪತ್ರೆಗೆ ಕರೆದೊಯ್ದು ಮೊದಲ ಇಂಜೆಕ್ಷನ್ ಹಾಕಿಸಿದಳು. ಅವನಿಗೆ ಮುಂದೆ ಇನ್ನೂ ನಾಲ್ಕಾರು ಊರು ಸುತ್ತುವುದಿತ್ತು. ಊರು ಬದಲಾದರೂ ಸೂಜಿ ತಪ್ಪಬಾರದಲ್ಲ? ಅವನ ಕ್ಯಾಮೆರಾ ಪಟ್ಟಿಗೆ ಮೂರು ಗಂಟು ಹಾಕಿದಳು. ಮೂರನೇ ದಿನ ಒಂದು ಬಿಚ್ಚು, ಏಳನೇ ದಿನ ಒಂದು ಎಂದು ಬೆರಳಲ್ಲಿ ತೋರಿಸಿದಳು. ಇಪ್ಪತ್ತೆಂಟಕ್ಕೆ ಇವಳ ಬೆರಳೂ ಅವನ ಬೆರಳೂ ಸಾಲದೆ ಅವನ ಕಾಲ್ಬೆರಳಿಗೆ ಇಳಿದಳು. ಅವನು ಇದೇನೋ ಹರಕೆಯೆಂದು ಕೈ ಮುಗಿದ.

“ಮುಗಿ ಮುಗಿ. ಚುಚ್ಚಿಸ್ಕೊಳ್ಳೋದು ಮರೀಬ್ಯಾಡ,” ಎಂದಳು.

ಇಂಥವಳ ಊರಿಗೆ ನಾನು ಅರಸೀಕೆರೆಯಿಂದ ಬಂದು ಬಸ್ಸಿಳಿದೆ. ಇಳಿದಲ್ಲೇ ಒಂದು ನಾಯಿಮರಿ ಹಿಮ್ಮಡಿಗೆ ಬಾಯಿ ಹಾಕಿತು. ಎರಡು ಹನಿ ರಕ್ತ ಬಂತು. ಎಲೆ ಅಡಿಕೆ ಚೀಲದ ಡಬ್ಬಿಯಿಂದ ಸುಣ್ಣ ತೆಗೆದು ಮೆತ್ತಿ, ಸೀರೆ ಇಳಿಬಿಟ್ಟು ನಡೆದೆ. ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಆದರೆ ಇವಳಿಂದ ಕಾಲು ಬಚ್ಚಿಡುವುದುಂಟೆ?

“ಅತ್ತಿಗೆ, ಕಾಲು ತೋರ್ಸು.”

“ಮರಿ ಕಣೇ. ಹಾಲುಹಲ್ಲು. ಏನಾಯ್ತದೆ?”

“ತೋರ್ಸು ಅಂದೆ.”

ಸುಣ್ಣ ಕಂಡಿತು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಎಲ್ಲರ ಕೈಗೆ ಸೋಪು ಕೊಡುವವಳು ನನ್ನ ಕಾಲನ್ನು ತಾನೇ ತೊಡೆಯ ಮೇಲಿಟ್ಟುಕೊಂಡು ತೊಳೆದಳು. ಸುಲಿಯಲು ಕೈ ಬಿಡುವಿರಲಿಲ್ಲ, ಕಾಯಿಗಳನ್ನು ಬಾಯಲ್ಲೇ ಎಣಿಸಿದಳು. ಮೂವತ್ತಾದರೂ ಬಿಡದೆ ಅರವತ್ತಕ್ಕೆ ಹೋದಳು.

ಆಸ್ಪತ್ರೆಯಲ್ಲಿ ತೋಳಿಗೊಂದು ಚುಚ್ಚಿದರು. ರಕ್ತ ಬಂದಿದೆಯೆಂದು ಗಾಯದೊಳಕ್ಕೂ ಚುಚ್ಚಿದರು. ಆಗ ನಾನು ಆಡಿದ ಮಾತು ಇಲ್ಲಿ ಹೇಳುವಂಥದ್ದಲ್ಲ.

ವಾಪಸ್ಸು ಬರುವಾಗ ಆಟೋದಲ್ಲಿ ಅವಳೆಂದಳು: “ಅಪ್ಪಂಗೂ ಮರಿನೇ ಕಚ್ಚಿದ್ದು ಅತ್ತಿಗೆ.”

ಅವಳ ಅಪ್ಪ ಎಂದರೆ ನನ್ನ ಮಾವ. ಆವತ್ತು ಅವರ ಕಾಲಿಗೆ ಸುಣ್ಣ ಹಚ್ಚಿದವಳು ನಾನು, ಹೊಸ ಸೊಸೆ. ಪಕ್ಕದಲ್ಲಿ ನಿಂತು ನೋಡಿದವಳು ಇವಳು. ಎರಡು ತಿಂಗಳಿಗೆ ಮಾವ ನೀರಿನ ಲೋಟ ಕಂಡರೆ ಹೆದರಿ ಹೆದರಿ ಸತ್ತರು. ಅಲ್ಲಿಂದ ನಲವತ್ತು ವರ್ಷ ಈ ಹೆಂಗಸು ಕಂಡಕಂಡವರ ಕಾಲು ತೊಳೆಸಿದಳು. ಸುಣ್ಣ ಹಚ್ಚಿದ್ದು ಯಾರೆಂದು ಒಬ್ಬರಿಗೂ ಹೇಳಲಿಲ್ಲ. ನನ್ನೆದುರೂ ಎತ್ತಿ ಆಡಲಿಲ್ಲ.

“ನಂಗೊತ್ತಿರಲಿಲ್ಲ ಕಣೇ,” ಎಂದೆ.

“ಯಾರ್ಗೊತ್ತಿತ್ತು?” ಎಂದು ನನ್ನ ಸೆರಗೆಳೆದುಕೊಂಡು ಮೂರು ಗಂಟು ಹಾಕಿದಳು.

ಮಾರನೆಯ ದಿನ ಬೆಳಿಗ್ಗೆ ನನ್ನ ಸುಣ್ಣದ ಡಬ್ಬಿಯನ್ನು ಬೂದಿ ಹಾಕಿ ಉಜ್ಜಿ ತೊಳೆದೆ. ಅದರೊಳಗೆ ಒಂದು ತುಂಡು ಸೋಪು ಇಟ್ಟುಕೊಂಡು ಅವಳ ಹಿಂದೆಯೇ ಗುಡಿಯ ಮುಂದಕ್ಕೆ ಹೋಗಿ, ನಲ್ಲಿಯ ಪಕ್ಕ ಕೂತೆ.